ನಾತದ ಹುಳಕ್ಕೆ ಹೆದರಿ ಮನೆಗೆ ವಿಷ ತರಬೇಡಿ

(ಮೈಸೂರು ನಗರದ ಸ್ವಸಹಾಯ ಸಂಘಗಳ ಸದಸ್ಯೆಯರ ಮಾಸಿಕ ಸಭೆಯಲ್ಲಿ ನಮ್ಮ ಸಂಸ್ಥೆಯ ಸಮಾಜ ಕಾರ್ಯಕರ್ತೆ ಸಿಸ್ಟರ್ ಅವರು ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಕಳೆದ ತಿಂಗಳ ಸಭೆಯಲ್ಲಿ ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲಾ ಮುಗಿದ ಮೇಲೆ "ಮುಂದಿನ ಸಲ ಯಾವ ವಿಷಯದ ಬಗ್ಗೆ ಮಾಹಿತಿ ಬೇಕು?" ಎಂದು ಕೇಳಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಅಮ್ಮ, "ಸಿಸ್ಟರ್, ಆ ಗಬ್ಬುನಾತದ ಹುಳದ ವಿಷಯ ಹೇಳಿ. ಸಾಯಂಕಾಲ ಲೈಟ್ ಹಾಕಿದ್ರೆ ಮನೇಲಿ ಕೂರೋಕಾಗಲ್ಲ" ಅಂದರು. ಎಲ್ಲರೂ ಜೋರಾಗಿ ನಕ್ಕಿರಿ. ನಾನು ಮಾತ್ರ ನಗಲಿಲ್ಲ. ಯಾಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಹುಳದ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಸಭೆಯಲ್ಲಿ ಒಬ್ಬ ತಾಯಿ ನನ್ನನ್ನು ಇದೇ ಪ್ರಶ್ನೆ ಕೇಳಿದ್ದರು. ಅವರು ನಾಲ್ಕು ಮನೆಗಳಲ್ಲಿ ಪಾತ್ರೆ, ಬಟ್ಟೆ ಕೆಲಸ ಮಾಡುವವರು. ಬಡಾವಣೆಯ ಅಂಚಿನಲ್ಲಿ, ಗಿಡಗಂಟಿ ಬೆಳೆದ ಖಾಲಿ ಸೈಟಿನ ಪಕ್ಕ, ಶೀಟು ಹೊದಿಸಿದ ಒಂದೇ ಕೋಣೆಯ ಬಾಡಿಗೆ ಮನೆ. ಅವತ್ತು ನನಗೆ ಇನ್ನೊಂದು ಸಭೆಗೆ ಹೋಗುವ ಅವಸರ. "ಏನಾದರೂ ಔಷಧಿ ಹೊಡೆಯಿರಿ ಅಮ್ಮಾ, ಹೋಗುತ್ತೆ" ಎಂದು ಹೇಳಿ ಹೊರಟುಬಿಟ್ಟೆ. ಅಷ್ಟೇ ಮಾತು.

ಆ ತಾಯಿ ಊರಿನಲ್ಲಿದ್ದ ತಮ್ಮನಿಗೆ ಹೇಳಿ, ಬೆಳೆಗೆ ಹೊಡೆದು ಉಳಿದಿದ್ದ ಔಷಧಿಯನ್ನು ತರಿಸಿಕೊಂಡರು. ತಮ್ಮ ಅದನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಹಾಕಿ ಕೊಟ್ಟಿದ್ದ. ಕಿಟಕಿ, ಬಾಗಿಲು, ಅಟ್ಟ ಎಲ್ಲಾ ಕಡೆ ಚಿಮುಕಿಸಿ, ಉಳಿದದ್ದನ್ನು ಮಂಚದ ಕೆಳಗೆ ಅಕ್ಕಿ ಡಬ್ಬದ ಹಿಂದೆ ಇಟ್ಟರು. ಎರಡು ದಿನದ ನಂತರ, ಅವರು ಕೆಲಸಕ್ಕೆ ಹೋಗಿದ್ದಾಗ, ನಾಲ್ಕು ವರ್ಷದ ಮಗ ಜ್ಯೂಸ್ ಅಂದುಕೊಂಡು ಅದನ್ನು ಬಾಯಿಗೆ ಹಾಕಿಕೊಂಡ. ಬಾಯಲ್ಲಿ ನೊರೆ, ಮೈಯೆಲ್ಲಾ ಬೆವರು, ಉಸಿರಾಟಕ್ಕೆ ಕಷ್ಟ. ಪಕ್ಕದ ಮನೆಯವರು ಆಟೋದಲ್ಲಿ ಆಸ್ಪತ್ರೆಗೆ ಓಡಿದರು. ಒಂಬತ್ತು ದಿನ ಮಗು ಆಸ್ಪತ್ರೆಯಲ್ಲಿತ್ತು, ಅದರಲ್ಲಿ ನಾಲ್ಕು ದಿನ ಉಸಿರಾಟದ ಯಂತ್ರದ ಮೇಲೆ. ದೇವರ ದಯೆ, ಮಗು ಉಳಿಯಿತು. ಆದರೆ ಹೊಲಿಗೆ ಮೆಷಿನ್ ತೆಗೆದುಕೊಳ್ಳಬೇಕೆಂದು ಸಂಘದಲ್ಲಿ ಕೂಡಿಟ್ಟಿದ್ದ ಹಣವೆಲ್ಲಾ ಹೋಯಿತು. ಅದರ ಮೇಲೆ ಸಾಲವೂ ಆಯಿತು.

ನಾನು ನೋಡಲು ಹೋದಾಗ ಆ ತಾಯಿ ಸಿಟ್ಟಿನಿಂದಲ್ಲ, ಮೆಲ್ಲಗೆ ಕೇಳಿದರು: "ಔಷಧಿ ಹೊಡೀರಿ ಅಂತ ನೀವೇ ಹೇಳಿದ್ರಲ್ಲಾ ಸಿಸ್ಟರ್?" ಉತ್ತರ ಕೊಡಲು ನನ್ನ ಹತ್ತಿರ ಮಾತಿರಲಿಲ್ಲ. ಎಂ.ಎಸ್.ಡಬ್ಲ್ಯೂ. ಓದಿದವಳು ನಾನು, ಇಷ್ಟು ವರ್ಷ ಜನರ ಮಧ್ಯೆ ಕೆಲಸ ಮಾಡಿದವಳು. ಯಾವ ಔಷಧಿ, ಎಷ್ಟು, ಎಲ್ಲಿ, ಅದು ಬೇಕೇ ಬೇಕೇ ಎಂದು ಯೋಚಿಸದೆ ಒಂದು ಮಾತು ಆಡಿಬಿಟ್ಟಿದ್ದೆ. ಅವರ ಒಪ್ಪಿಗೆ ಪಡೆದೇ ಈ ವಿಷಯವನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಅವತ್ತು ಐದು ನಿಮಿಷ ನಿಂತು ಹೇಳಬೇಕಾಗಿದ್ದನ್ನು ಇವತ್ತು ಪೂರ್ತಿಯಾಗಿ ಹೇಳುತ್ತೇನೆ.

ಮೊದಲು ಒಂದು ಶಬ್ದದ ವಿಷಯ. ಜ್ವರಕ್ಕೆ ಕೊಡುವುದನ್ನೂ ನಾವು ಔಷಧಿ ಅನ್ನುತ್ತೇವೆ, ಹುಳಕ್ಕೆ ಹೊಡೆಯುವುದನ್ನೂ ಔಷಧಿ ಅನ್ನುತ್ತೇವೆ. ಮಕ್ಕಳಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಇವತ್ತಿನಿಂದ ಹುಳಕ್ಕೆ ಹೊಡೆಯುವುದನ್ನು 'ವಿಷ' ಎಂದೇ ಕರೆಯೋಣ. ಹೆಸರು ಸರಿಯಾಗಿ ಹೇಳಿದರೆ ಅರ್ಧ ಎಚ್ಚರಿಕೆ ತಾನಾಗಿ ಬರುತ್ತದೆ.

ಈ ಹುಳ ಯಾವುದು?

ಬೆರಳಿನ ಉಗುರಿನಷ್ಟು ದೊಡ್ಡದು, ಹಸಿರು ಇಲ್ಲವೇ ಕಂದು ಬಣ್ಣ. ಮೇಲಿನಿಂದ ನೋಡಿದರೆ ಬೆನ್ನು ಗುರಾಣಿಯ ಆಕಾರದಲ್ಲಿ ಚಪ್ಪಟೆಯಾಗಿರುತ್ತದೆ. ಬಾಯಿ ಸೂಜಿಯಂತೆ, ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತದೆ. ಇವುಗಳಲ್ಲಿ ಹಲವು ಜಾತಿಗಳಿವೆ. ಹುರುಳಿಕಾಯಿ, ತೊಗರಿ, ಟೊಮೇಟೊ ಗಿಡಗಳಲ್ಲಿ ಕಾಣುವ ಹಸಿರು ತಿಗಣೆ ಒಂದು. ಮರದ ತೊಗಟೆಯ ಬಣ್ಣಕ್ಕೇ ಹೊಂದಿಕೊಂಡು ಕೂರುವ ಕಂದು ತಿಗಣೆ ಇನ್ನೊಂದು. ಭತ್ತದ ತೆನೆ ಹಾಲುಗಟ್ಟುವಾಗ ಅದರ ರಸ ಹೀರುವ ತೆಳ್ಳಗೆ ಉದ್ದನೆಯ ಹುಳವೂ ಇದೇ ರೀತಿ ನಾರುತ್ತದೆ.

ತಿಗಣೆ ಎಂದ ತಕ್ಷಣ ಹಾಸಿಗೆಯ ತಿಗಣೆ ಎಂದು ಗಾಬರಿಯಾಗಬೇಡಿ. ಹಾಸಿಗೆಯ ತಿಗಣೆ ನಮ್ಮ ರಕ್ತ ಕುಡಿಯುತ್ತದೆ. ಈ ನಾತದ ಹುಳ ಗಿಡದ ರಸ ಕುಡಿಯುತ್ತದೆ. ರಕ್ತ ಹೀರುವುದಿಲ್ಲ, ನಮಗೆ ರೋಗ ಹರಡುವುದಿಲ್ಲ, ಬಟ್ಟೆ, ಅಕ್ಕಿ, ಬೇಳೆ ತಿನ್ನುವುದಿಲ್ಲ. ಮೊಟ್ಟೆ ಇಡಲು ಎಲೆಗಳನ್ನು ಹುಡುಕುತ್ತದೆ, ನಮ್ಮ ಬೀರುವನ್ನಲ್ಲ. ಅದರ ಹತ್ತಿರ ಇರುವುದು ನಾತ ಮಾತ್ರ. ಅದು ಕೂಡ ಹಕ್ಕಿ, ಹಲ್ಲಿಗಳಿಂದ ತನ್ನ ಜೀವ ಉಳಿಸಿಕೊಳ್ಳಲು. ಮೈಯಲ್ಲಿರುವ ಗ್ರಂಥಿಗಳಿಂದ ಒಂದು ರೀತಿಯ ದ್ರವವನ್ನು ಬಿಡುತ್ತದೆ. ಆ ವಾಸನೆಯಲ್ಲಿರುವ ಕೆಲವು ರಾಸಾಯನಿಕಗಳೇ ನಾವು ಸಾರಿಗೆ ಹಾಕುವ ಹಸಿ ಕೊತ್ತಂಬರಿ ಸೊಪ್ಪಿನಲ್ಲೂ ಇವೆ! ಕೆಲವರಿಗೆ ಕೊತ್ತಂಬರಿ ಮೂಸಿದರೆ ಹುಳದ ನೆನಪಾಗುವುದು ಸುಮ್ಮನೆ ಅಲ್ಲ.

ಒಂದೇ ಎಚ್ಚರಿಕೆ: ಆ ದ್ರವ ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಉಜ್ಜದೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಉರಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಇನ್ನು, ದೀಪಕ್ಕೆ ಬರುವ ಎಲ್ಲಾ ಹುಳವೂ ಇದೇ ಅಲ್ಲ. ಮಳೆಗಾಲದಲ್ಲಿ ಸಣ್ಣ ಇರುವೆಯಂತೆ ಕಾಣುವ, ಕಿತ್ತಳೆ ಮತ್ತು ಕಪ್ಪು ಪಟ್ಟೆಯ ಒಂದು ಹುಳ ಬರುತ್ತದೆ. ಅದನ್ನು ಮೈಮೇಲೆ ಹೊಸಕಿದರೆ ಮಾರನೆಯ ದಿನ ಸುಟ್ಟಂತೆ ಬೊಬ್ಬೆ ಏಳುತ್ತದೆ. ಅದನ್ನು ಹೊಸಕದೆ ಊದಿ ಓಡಿಸಿ, ಆ ಜಾಗವನ್ನು ಸೋಪು ಹಚ್ಚಿ ತೊಳೆಯಿರಿ.

ಸಿಟಿಯ ಮನೆಗೆ ಯಾಕೆ ಬರುತ್ತದೆ?

ಮೊಬೈಲಿನಲ್ಲಿ ಬರುವ ಸಲಹೆಗಳು ಬಹಳಷ್ಟು ಅಮೆರಿಕದವು. ಅಲ್ಲಿಯ ಕಥೆ ಬೇರೆ. ಚೀನಾ, ಜಪಾನ್, ಕೊರಿಯಾ ಕಡೆಯ ಕಂದು ಬಣ್ಣದ ನಾತದ ಹುಳ 1990ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಆಲೆನ್‌ಟೌನ್ ಎಂಬ ಊರಿಗೆ ಸೇರಿಕೊಂಡಿತು. ವಿಜ್ಞಾನಿಗಳು ಅದು ಯಾವ ಹುಳ ಎಂದು ಗುರುತಿಸಿದ್ದು 2001ರಲ್ಲಿ. 2010ರಲ್ಲಿ ಆ ಭಾಗದ ಸೇಬು ಬೆಳೆಗಾರರಿಗೆ ಸುಮಾರು 3 ಕೋಟಿ 70 ಲಕ್ಷ ಡಾಲರ್ ನಷ್ಟವಾಯಿತು. ಅಲ್ಲಿ ಹಿಮ ಬೀಳುವ ಚಳಿ. ಆ ಚಳಿಯಿಂದ ಉಳಿಯಲು ಹುಳಗಳು ಗುಂಪು ಗುಂಪಾಗಿ ಮನೆಯ ಗೋಡೆ ಸಂದಿ, ಅಟ್ಟಗಳಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ನಿದ್ದೆ ಮಾಡುತ್ತವೆ.

ನಮ್ಮ ಮೈಸೂರಿನಲ್ಲಿ ಅಂಥ ಚಳಿ ಇಲ್ಲ. ಇಲ್ಲಿ ಹುಳ ಮನೆಗೆ ಬರುವುದು ಮುಖ್ಯವಾಗಿ ದೀಪಕ್ಕೆ, ಇಲ್ಲವೇ ಅಕ್ಕಪಕ್ಕದ ಹಸಿರು ಖಾಲಿಯಾದಾಗ. ನಮ್ಮ ಬಡಾವಣೆಗಳು ಬೆಳೆದು ಬೆಳೆದು ಗದ್ದೆ, ತೋಟದ ಅಂಚಿಗೇ ಬಂದಿವೆ. ಖಾಲಿ ಸೈಟುಗಳಲ್ಲಿ ಆಳೆತ್ತರ ಗಿಡ. ಹುಳ ನಮ್ಮ ಮನೆಗೆ ಬಂತು ಅನ್ನುವುದಕ್ಕಿಂತ, ನಾವೇ ಅದರ ಮನೆಯ ಪಕ್ಕಕ್ಕೆ ಹೋಗಿ ಲೈಟು ಹಾಕಿದ್ದೇವೆ ಅನ್ನುವುದು ಸರಿ. ಅಮೆರಿಕದ ಸಲಹೆಯಲ್ಲಿ ನಮಗೂ ಒಪ್ಪುವ ಮಾತು ಒಂದಿದೆ: ಹುಳವನ್ನು ಒಳಗೆ ಬಿಟ್ಟುಕೊಂಡು ಕೊಲ್ಲುವುದಕ್ಕಿಂತ, ಬರುವ ದಾರಿ ಮುಚ್ಚುವುದೇ ಮೇಲು.

ಕಾಲಕ್ಕೆ ತಕ್ಕ ಕೆಲಸ

ಬೇಸಿಗೆ, ಅಂದರೆ ಮಾರ್ಚ್‌ನಿಂದ ಮೇ. ಇದು ರಿಪೇರಿಯ ಕಾಲ. ಭರಣಿ, ಕೃತ್ತಿಕೆ ಮಳೆ ಬೀಳುವ ಮೊದಲೇ ಒಂದು ಭಾನುವಾರ ಮನೆಯನ್ನು ಹೊರಗಿನಿಂದ ಒಂದು ಸುತ್ತು ನೋಡಿ. ಹಗಲು ಹೊತ್ತು ಒಳಗೆ ಲೈಟ್ ಆರಿಸಿ ನಿಂತರೆ ಎಲ್ಲೆಲ್ಲಿ ಬೆಳಕು ತೂರಿ ಬರುತ್ತದೋ ಅಲ್ಲೆಲ್ಲಾ ಹುಳಕ್ಕೂ ದಾರಿ ಇದೆ ಎಂದು ಅರ್ಥ. ಶೀಟು ಮತ್ತು ಗೋಡೆಯ ನಡುವಿನ ಸಂದಿ, ವೈರು, ಪೈಪು ಹೋಗುವ ತೂತು, ಕಿಟಕಿ ಚೌಕಟ್ಟಿನ ಬಿರುಕು, ಇವನ್ನು ಸಿಮೆಂಟಿನಿಂದ ಮುಚ್ಚಿ. ಕಿಟಕಿಗೆ, ಮೇಲಿನ ಗವಾಕ್ಷಿಗೆ ಸೊಳ್ಳೆ ಪರದೆ ಹೊಡೆಯಿರಿ. ಈ ಹುಳ ದಪ್ಪ, ಮಾಮೂಲಿ ಸೊಳ್ಳೆ ಪರದೆಯೇ ಸಾಕು. ಸೊಳ್ಳೆಯೂ ನಿಲ್ಲುತ್ತದೆ, ಡೆಂಗ್ಯೂ ಭಯವೂ ಕಡಿಮೆಯಾಗುತ್ತದೆ. ಆದರೆ ಗವಾಕ್ಷಿಯನ್ನು ಪೂರ್ತಿ ಮುಚ್ಚಬೇಡಿ, ಅಡುಗೆ ಮನೆಗೆ ಗಾಳಿ ಬೇಕು.

"ಬಾಡಿಗೆ ಮನೆ ಸಿಸ್ಟರ್, ಓನರ್ ಕೇಳಲ್ಲ" ಅನ್ನುತ್ತೀರಿ. ಒಬ್ಬರೇ ಹೋಗಿ ಕೇಳಿದರೆ ಕೇಳದೇ ಇರಬಹುದು. ವಠಾರದ ಐದಾರು ಮನೆಯವರು ಸೇರಿ ಕೇಳಿ. ಆಗದಿದ್ದರೆ ಅಂಟುಪಟ್ಟಿಯ ಪರದೆ ಸಿಗುತ್ತದೆ, ಮೊಳೆ ಹೊಡೆಯಬೇಕಿಲ್ಲ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆಯನ್ನು ಉದ್ದಕ್ಕೆ ಹೊಲಿದು, ಒಳಗೆ ಮರಳು ತುಂಬಿ ಅಡ್ಡ ಇಡಿ. ನಮ್ಮ ಸಂಘದಲ್ಲಿ ಹೊಲಿಗೆ ಕಲಿತವರಿದ್ದೀರಿ, ಅರ್ಧ ಗಂಟೆಯ ಕೆಲಸ.

ಮಳೆಗಾಲ, ಜೂನ್‌ನಿಂದ ಸೆಪ್ಟೆಂಬರ್. ಎಲ್ಲೆಡೆ ಹಸಿರು, ಹುಳಗಳು ಮರಿ ಮಾಡುವ ಕಾಲ. ಈಗಿನ ಕೆಲಸ ಮನೆಯ ಹೊರಗೆ. ಗೋಡೆಗೆ ತಾಗಿ ಬೆಳೆದ ಕಳೆಯನ್ನು ಕೀಳಿ. ಖಾಲಿ ಸೈಟಿನ ಗಿಡಗಂಟಿ ತೆಗೆಸಲು ನಗರಪಾಲಿಕೆಗೆ ಸಂಘದ ಹೆಸರಿನಲ್ಲಿ ಅರ್ಜಿ ಬರೆಯಿರಿ. ಹಾವು, ಸೊಳ್ಳೆ, ಹುಳ ಮೂರಕ್ಕೂ ಅದೇ ಮದ್ದು. ತಾರಸಿಯಲ್ಲಿ ಹುರುಳಿಕಾಯಿ, ಟೊಮೇಟೊ, ಬದನೆ ಬೆಳೆಯುವವರು ವಾರಕ್ಕೆರಡು ಸಲ ಎಲೆಗಳ ಅಡಿ ನೋಡಿ. ಒತ್ತೊತ್ತಾಗಿ ಸಾಲು ಹಿಡಿದು ಅಂಟಿಸಿದಂತೆ ಮೊಟ್ಟೆ ಇದ್ದರೆ ಆ ಎಲೆಯನ್ನೇ ಕಿತ್ತು ಸೋಪು ನೀರಿಗೆ ಹಾಕಿ. ಹಸಿರು ತಿಗಣೆ ಒಂದೇ ಗುಂಪಿನಲ್ಲಿ 30ರಿಂದ 100ಕ್ಕೂ ಮೇಲೆ ಮೊಟ್ಟೆ ಇಡುತ್ತದೆ. ಒಂದು ಎಲೆ ಕಿತ್ತರೆ ಅಷ್ಟು ಹುಳ ಕಡಿಮೆ. ಬೇಕೆನಿಸಿದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕರಗಲು ಸ್ವಲ್ಪ ಸೋಪು ಸೇರಿಸಿ ಸಂಜೆ ಹೊತ್ತು ಗಿಡಕ್ಕೆ ಸಿಂಪಡಿಸಿ. ಬೇವಿನ ಎಣ್ಣೆಯನ್ನೂ ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಅದನ್ನು ಚಿಕ್ಕ ಮಕ್ಕಳಿಗೆ ಕುಡಿಸಲೇಬಾರದು.

ಹಸ್ತಾ, ಚಿತ್ತಾ, ಸ್ವಾತಿ ಮಳೆಯ ದಿನಗಳು, ಅಂದರೆ ದಸರಾದಿಂದ ದೀಪಾವಳಿವರೆಗೆ. ಮುಂಗಾರಿನ ಭತ್ತ ತೆನೆ ಕಟ್ಟುವ ಕಾಲ, ಸಂಜೆ ಬೆಚ್ಚಗಿನ ಗಾಳಿ. ಹುಳದ ಕಾಟ ಹೆಚ್ಚಾಗುವುದು ಆಗಲೇ. ಈಗ ದೀಪದ ಶಿಸ್ತು ಬೇಕು. ಸೂರ್ಯ ಮುಳುಗುವ ಮೊದಲು ಪರದೆ ಇಲ್ಲದ ಕಿಟಕಿ ಮುಚ್ಚಿ, ಆಮೇಲೆ ಲೈಟ್ ಹಾಕಿ. ನಾವು ಮಾಡುವುದು ಉಲ್ಟಾ, ಲೈಟ್ ಹಾಕಿ ಹುಳ ಬಂದ ಮೇಲೆ ಕಿಟಕಿ ಮುಚ್ಚುತ್ತೇವೆ. ಬಾಗಿಲ ಮೇಲಿನ ಬಿಳಿ ಬಲ್ಬಿಗೆ ಬದಲು ಹಳದಿ ಬೆಳಕಿನ ಬಲ್ಬು ಹಾಕಿದರೆ ಹುಳ ಕಡಿಮೆ ಬರುತ್ತದೆ. ಸಾಧ್ಯವಿದ್ದರೆ ಹೊರಗಿನ ಬಲ್ಬನ್ನು ಬಾಗಿಲಿಂದ ಸ್ವಲ್ಪ ದೂರಕ್ಕೆ ಸರಿಸಿ. ಒಣಗಿದ ಬಟ್ಟೆಯನ್ನು ಕತ್ತಲಾಗುವ ಮೊದಲೇ ತಂದು, ಒಂದೊಂದನ್ನೂ ಕೊಡವಿ ಮಡಚಿ. ಎಷ್ಟೋ ಹುಳ ಬಟ್ಟೆಯ ಜೊತೆ ನಾವೇ ಒಳಗೆ ತಂದುಕೊಂಡಿರುತ್ತೇವೆ.

ಚಳಿಗಾಲ, ಡಿಸೆಂಬರ್‌ನಿಂದ ಫೆಬ್ರವರಿ. ಕೊಯ್ಲು ಮುಗಿಯುತ್ತದೆ, ಹುಳಕ್ಕೆ ಆಹಾರವಿಲ್ಲ. ಕೆಲವು ಒಣ ಸೌದೆ, ಹಳೇ ಪೇಪರ್, ರಟ್ಟಿನ ಪೆಟ್ಟಿಗೆಗಳ ನಡುವೆ ಅವಿತುಕೊಳ್ಳುತ್ತವೆ. ಸೌದೆಯನ್ನು ಗೋಡೆಯಿಂದ ದೂರ ಒಟ್ಟಿ. ಬೇಡದ ಸಾಮಾನನ್ನು ಹೊರಹಾಕಿ. ಅವರೆಕಾಯಿ ಕಾಲವಲ್ಲವೇ, ಅವರೆ ಬಳ್ಳಿಯಲ್ಲಿ ಗುಂಪಾಗಿ ಕೂರುವ ಚಿಕ್ಕ ದುಂಡು ಹುಳವೂ ಇದೇ ರೀತಿ ನಾರುತ್ತದೆ. ಮಾರುಕಟ್ಟೆಯಿಂದ ತಂದ ಅವರೆಕಾಯಿ, ಸೊಪ್ಪಿನ ಕಟ್ಟನ್ನು ಮನೆಯ ಹೊರಗೇ ಕೊಡವಿ ಒಳಗೆ ತನ್ನಿ.

ಒಳಗೆ ಬಂದ ಹುಳವನ್ನು ಏನು ಮಾಡುವುದು?

ಹೊಸಕಬೇಡಿ, ಚಪ್ಪಲಿಯಿಂದ ಹೊಡೆಯಬೇಡಿ. ಹೊಡೆದರೆ ನಾತ ಮನೆಯೆಲ್ಲಾ ಹರಡುತ್ತದೆ, ಗೋಡೆಯೂ ಕಲೆಯಾಗುತ್ತದೆ. ಈ ಹುಳಕ್ಕೆ ಒಂದು ಅಭ್ಯಾಸವಿದೆ, ಮುಟ್ಟಿದರೆ ಎಷ್ಟೋ ಸಲ ಹಾರುವ ಬದಲು ಕೆಳಗೆ ಉದುರುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ಅರ್ಧ ನೀರು, ಸ್ವಲ್ಪ ಬಟ್ಟೆ ಸೋಪಿನ ಪುಡಿ ಹಾಕಿ ಕಲಸಿ, ಹುಳದ ಕೆಳಗೆ ಹಿಡಿದು ಒಂದು ರಟ್ಟಿನ ತುಂಡಿನಿಂದ ಮೆಲ್ಲಗೆ ತಟ್ಟಿ. ನೇರವಾಗಿ ಡಬ್ಬಿಗೆ ಬೀಳುತ್ತದೆ. ಬರೀ ನೀರಾದರೆ ಮೇಲೆ ತೇಲಿ ಎದ್ದು ಬರಬಹುದು, ಸೋಪು ನೀರಾದರೆ ಮುಳುಗಿ ಸಾಯುತ್ತದೆ. ನೆಲದ ಮೇಲಿದ್ದರೆ ಪೊರಕೆಯಿಂದ ಮೊರಕ್ಕೆ ತಳ್ಳಿ ಹೊರಗೆ ಹಾಕಿ.

ಕೈಗೆ ನಾತ ಹತ್ತಿದರೆ ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಆ ದ್ರವ ಎಣ್ಣೆಯಲ್ಲಿ ಕರಗುವಂಥದ್ದು.

ವಿಷ ಬೇಕೇ ಬೇಕು ಅನ್ನಿಸಿದಾಗ

ದೀಪಕ್ಕೆ ಬರುವ ಹುಳಕ್ಕೆ ಮನೆಯೊಳಗೆ ವಿಷ ಹೊಡೆದು ಪ್ರಯೋಜನವಿಲ್ಲ. ಇವತ್ತಿನವು ಸಾಯುತ್ತವೆ, ನಾಳೆ ಸೈಟಿನಿಂದ ಬೇರೆಯವು ಬರುತ್ತವೆ. ವಿಷ ಮಾತ್ರ ನಮ್ಮ ಹಾಸಿಗೆ, ಪಾತ್ರೆ, ನೆಲದ ಮೇಲೆ ಉಳಿಯುತ್ತದೆ. ಅಂಬೆಗಾಲಿಡುವ ಮಗು ಅದೇ ನೆಲವನ್ನು ಮುಟ್ಟಿ ಬೆರಳು ಚೀಪುತ್ತದೆ. ಆದರೂ ಜಿರಳೆಗೋ ಮತ್ತೊಂದಕ್ಕೋ ಬಳಸುವ ಸಂದರ್ಭ ಬಂದರೆ ಈ ಮಾತುಗಳು ನೆನಪಿರಲಿ.

ಹೊಲದ ವಿಷ ಮನೆಗೆ ಬೇಡ. ಬೆಳೆಗೆಂದು ಮಾಡಿದ್ದನ್ನು ಗಾಳಿಯಾಡದ ಒಂದು ಕೋಣೆಯಲ್ಲಿ ಹೊಡೆಯಬಾರದು.

ಬಿಡಿಯಾಗಿ, ಬೇರೆ ಬಾಟಲಿಯಲ್ಲಿ ಕೊಟ್ಟದ್ದನ್ನು ಯಾರೇ ಕೊಡಲಿ, ತಮ್ಮನೇ ಕೊಡಲಿ, ತೆಗೆದುಕೊಳ್ಳಬೇಡಿ. ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಓದಲು ಬಾರದವರೂ ನೋಡಬಹುದು. ಕೆಂಪು ಎಂದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಎಂದರೆ ಕುಡಿಯಬಹುದು ಎಂದಲ್ಲ. ಬೇರೆ ಬಾಟಲಿಗೆ ಸುರಿದ ಕೂಡಲೇ ಈ ಗುರುತೂ ಹೋಯಿತು, ವಿಷದ ಹೆಸರೂ ಹೋಯಿತು.

ಒಂದು ಕಾಲದಲ್ಲಿ ಮನೆಗಳಲ್ಲಿ ಬಹಳ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್ ಎಂಬ ವಿಷವನ್ನು, 2018ರಲ್ಲಿ ಹೊರಡಿಸಿದ ಆದೇಶದ ಮೂಲಕ ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಿದೆ. ಹಳೆಯದು ಅಟ್ಟದ ಮೇಲೆ ಉಳಿದಿದ್ದರೆ ಮುಟ್ಟಬೇಡಿ, ಬಚ್ಚಲಿಗೂ ಸುರಿಯಬೇಡಿ. ನಗರಪಾಲಿಕೆಯ ಕಸದ ಗಾಡಿಯವರಿಗೆ ಬೇರೆಯಾಗಿ, ಹೇಳಿ ಕೊಡಿ.

ಡಬ್ಬಿಯಿಂದ ಬುಸ್ಸೆಂದು ಹೊಡೆಯುವ ಸ್ಪ್ರೇಯನ್ನು ಉರಿಯುವ ಒಲೆ, ದೀಪದ ಹತ್ತಿರ ಬಳಸಬೇಡಿ, ಬೆಂಕಿ ಹತ್ತುತ್ತದೆ. ಉಬ್ಬಸ ಇರುವವರು, ಎಳೆ ಮಕ್ಕಳು ಇರುವ ಕೋಣೆಯಲ್ಲಿ ಬೇಡವೇ ಬೇಡ. ಸೀಮೆಎಣ್ಣೆ ಚಿಮುಕಿಸುವುದೂ ಬೇಡ.

ಅವಘಡ ಆದರೆ

ಮಗು ವಿಷ ಕುಡಿದಿದೆ ಎಂಬ ಅನುಮಾನ ಬಂದರೂ ಸಾಕು, ಲಕ್ಷಣ ಬರಲಿ ಎಂದು ಕಾಯಬೇಡಿ. ಉಪ್ಪು ನೀರು, ಸೋಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿ ಶ್ವಾಸಕೋಶಕ್ಕೆ ಹೋದರೆ ಇನ್ನೂ ಅಪಾಯ. ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ಸೋಪು ನೀರಿನಿಂದ ತೊಳೆಯಿರಿ. 108ಕ್ಕೆ ಕರೆ ಮಾಡಿ, ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲಿ ಹೊರಡಿ. ವಿಷದ ಬಾಟಲಿಯನ್ನು ಜೊತೆಯಲ್ಲೇ ತೆಗೆದುಕೊಂಡು ಹೋಗಿ. ಯಾವ ವಿಷ ಎಂದು ಗೊತ್ತಾದರೆ ವೈದ್ಯರಿಗೆ ಚಿಕಿತ್ಸೆ ಸುಲಭ. ದೆಹಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಇದನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ನಾನು ಹೇಳಿದ ಆ ಮಗು ಈಗ ಶಾಲೆಗೆ ಹೋಗುತ್ತಿದ್ದಾನೆ. ಕಳೆದ ದೀಪಾವಳಿ ಸಮಯದಲ್ಲಿ ಅವರ ಮನೆಗೆ ಹೋಗಿದ್ದೆ. ಕಿಟಕಿಗೆ ಪರದೆ ಬಂದಿತ್ತು. ಬಾಗಿಲ ಹತ್ತಿರ ಸೋಪು ನೀರಿನ ಡಬ್ಬಿ. ನಾನು ಕೂತಿದ್ದಾಗಲೇ ಒಂದು ಹುಳ ಒಳಗೆ ಬಂತು. ಹುಡುಗ ರಟ್ಟು ತೆಗೆದುಕೊಂಡು ತಟ್ಟಿ ಬೀಳಿಸಿ, "ಹನ್ನೊಂದು" ಎಂದು ಎಣಿಸಿದ. ಅವನ ತಾಯಿ, "ನಾತ ಇನ್ನೂ ಇದೆ ಸಿಸ್ಟರ್. ಇರ್ಲಿ ಬಿಡಿ, ನಾತಕ್ಕೆ ಯಾರೂ ಸಾಯಲ್ಲ" ಅಂದರು.

ಸಹೋದರಿಯರೇ, ಇವತ್ತು ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿ. ಮಂಚದ ಕೆಳಗೆ, ಅಟ್ಟದ ಮೇಲೆ, ಸ್ನಾನದ ಮನೆಯ ಮೂಲೆಯಲ್ಲಿ ಹೆಸರಿಲ್ಲದ ಬಾಟಲಿ ಇದೆಯೇ ನೋಡಿ. ಕಿಟಕಿ ಮುಚ್ಚಿ ಆಮೇಲೆ ಲೈಟ್ ಹಾಕಿ. ಒಂದು ಡಬ್ಬಿ ಸೋಪು ನೀರು ಕಲಸಿಡಿ, ಆದರೆ ಚಿಕ್ಕ ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿಡಿ. ಮುಂದಿನ ಸಭೆಯಲ್ಲಿ ಯಾರ ಮನೆಯಲ್ಲಿ ಏನು ಸಿಕ್ಕಿತು ಎಂದು ಒಬ್ಬೊಬ್ಬರಾಗಿ ಹೇಳಬೇಕು. ಯಾರಾದರೂ ಪ್ರಶ್ನೆ ಕೇಳುವುದಿದ್ದರೆ ಈಗ ಕೇಳಿ. ಈ ಸಲ ನನಗೆ ಯಾವ ಅವಸರವೂ ಇಲ್ಲ.